ಹಳೇ ಪಿಕಪ್‌ನ ಸವೆದ ಸಸ್ಪೆನ್ಷನ್: ಕಡಿಮೆ ಖರ್ಚಿನಲ್ಲಿ ಮನೆಯಂಗಳದಲ್ಲೇ ಸರಿಮಾಡುವ ಬಗೆ

ಮದ್ದೂರಿನ ಎಳನೀರು ಮಾರುಕಟ್ಟೆ ಹತ್ತಿರ ಬೆಳಿಗ್ಗೆ ಸ್ವಲ್ಪ ಹೊತ್ತು ನಿಂತು, ಬರುವ ಪಿಕಪ್‌ಗಳನ್ನು ಹಿಂದಿನಿಂದ ನೋಡಿ. ಕೆಲವು ಒಂದು ಪಕ್ಕಕ್ಕೆ ವಾಲಿರುತ್ತವೆ. ಕೆಲವು ಹಂಪ್ ದಾಟಿದ ಮೇಲೂ ಎರಡು ಮೂರು ಸಲ ಕುಣಿಯುತ್ತವೆ. ಇನ್ನು ಕೆಲವು ಖಾಲಿ ಇದ್ದರೂ ಹಿಂಬದಿ ಕುಸಿದುಕೊಂಡೇ ಬರುತ್ತವೆ. ಇವು ಮೂರೂ ಬೇರೆ ಬೇರೆ ಕಾಯಿಲೆ. ಮದ್ದು ಬೇರೆ, ಖರ್ಚೂ ಬೇರೆ. ಆದರೆ ಮಾಲೀಕರಿಗೆ ಬಹಳ ಸಲ ಸಿಗುವ ಉತ್ತರ ಒಂದೇ: ‘ಸಸ್ಪೆನ್ಷನ್ ಹೋಗಿದೆ, ಪೂರ್ತಿ ಬದಲಾಯಿಸಬೇಕು.’

ನಮ್ಮ ಮನೆಯಲ್ಲೂ ಹಾಗೇ ಆಯಿತು. ನಮ್ಮದು 2008ರ ಗಾಡಿ. ತೆಂಗಿನಕಾಯಿ, ಬೆಲ್ಲ, ಹುಲ್ಲು, ಗೊಬ್ಬರ ಎಲ್ಲವನ್ನೂ ಹೊತ್ತಿದೆ. ಒಂದು ಸಲ ಹಿಂದಿನಿಂದ ‘ಟಕ್ ಟಕ್’ ಅಂತ ಶಬ್ದ ಶುರುವಾಯಿತು. ಗ್ಯಾರೇಜಿನಲ್ಲಿ ನೋಡಿ, ಕಮಾನು ಕಟ್ಟು (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು, ಅಂದರೆ ಲೀಫ್ ಸ್ಪ್ರಿಂಗ್) ಹೋಗಿದೆ ಎಂದರು. ಎರಡೂ ಕಡೆ ಹೊಸದು ಹಾಕಿಸಿದೆವು. ಶಬ್ದ ಹಾಗೇ ಇತ್ತು. ಕೊನೆಗೆ ಸಿಕ್ಕಿದ್ದು ಸವೆದು ಚಿಂದಿಯಾಗಿದ್ದ ಶ್ಯಾಕಲ್ ಬುಷ್. ಕಮಾನಿನ ಒಂದು ತುದಿಯನ್ನು ಚಾಸಿಗೆ, ಅಂದರೆ ಗಾಡಿಯ ಅಡಿ ಚೌಕಟ್ಟಿಗೆ, ಸೇರಿಸುವ ಕೊಂಡಿಯೇ ಶ್ಯಾಕಲ್; ಅದರ ಬೋಲ್ಟಿನ ಸುತ್ತ ಕೂರುವ ಬಳೆ ಬುಷ್. ಕೆಲವು ನೂರು ರೂಪಾಯಿಯ ಕೆಲಸಕ್ಕೆ ಒಂದು ಸೀಸನ್ನಿನ ಉಳಿತಾಯ ಹೋಗಿತ್ತು. ಕಡಿಮೆ ಖರ್ಚು ಎಂದರೆ ಅಗ್ಗದ ಸಾಮಾನು ತರುವುದಲ್ಲ, ಯಾವುದು ಸತ್ತಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳುವುದು ಅಂತ ಅವತ್ತು ತಿಳಿಯಿತು. ಅಂದಿನಿಂದ ಈ ಕೆಲಸವನ್ನು ಅಂಗಳದಲ್ಲೇ ಮಾಡಿಕೊಳ್ಳುತ್ತಿದ್ದೇವೆ. ಮಾಡುವ ಕ್ರಮವನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ.

ನಮ್ಮ ಕಡೆ ಹೆಚ್ಚು ಓಡುವ ಬೊಲೆರೊ ಪಿಕಪ್, ಟಾಟಾ 207 ಥರದ ಗಾಡಿಗಳಿಗೆ ಹಿಂದೆ ಕಮಾನು ಪಟ್ಟಿಯೇ ಇರುತ್ತದೆ. ಮುಂದೆ ಮಾತ್ರ ಮಾಡೆಲ್ ನೋಡಿಕೊಂಡು ಬೇರೆಯಾಗುತ್ತದೆ. ಕೆಲವಕ್ಕೆ ಮುಂದೆಯೂ ಕಮಾನು, ಕೆಲವಕ್ಕೆ ಕಾಯಿಲ್ ಸ್ಪ್ರಿಂಗ್, ಕೆಲವಕ್ಕೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು). ನಿಮ್ಮ ಗಾಡಿಯ ಕೆಳಗೆ ಒಮ್ಮೆ ಮಲಗಿ ನೋಡಿಕೊಳ್ಳಿ. ಈ ಬರಹದಲ್ಲಿ ಹಿಂದಿನ ಕಮಾನಿನ ಮಾತೇ ಜಾಸ್ತಿ. ಭಾರವೆಲ್ಲ ಬೀಳುವುದು ಅಲ್ಲಿಗೇ.

ಮೊದಲು ಅಳತೆ, ಆಮೇಲೆ ಅಂಗಡಿ

ಗಾಡಿ ತೊಳೆಯಿರಿ. ಮೇಲೆ ಅಲ್ಲ, ಕೆಳಗೆ. ಗದ್ದೆ ಬದಿಯ ಜೇಡಿ ಮಣ್ಣು ಕಮಾನಿನ ಮೇಲೆ ಒಣಗಿ ಕೂತಿದ್ದರೆ ಬಿರುಕು ಕಾಣುವುದೇ ಇಲ್ಲ. ತೊಳೆದು, ಒಣಗಲು ಬಿಟ್ಟು, ಸಮತಟ್ಟಾದ ಕಣದಲ್ಲೋ ಸಿಮೆಂಟ್ ನೆಲದಲ್ಲೋ ಖಾಲಿ ಗಾಡಿ ನಿಲ್ಲಿಸಿ.

ಒಂದು ಟೇಪು, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಹಿಂದಿನ ಆಕ್ಸಲ್ ಕೊಳವೆಯ ಮೇಲ್ಭಾಗದಿಂದ ಚಾಸಿಯ ಕೆಳ ಅಂಚಿನವರೆಗೆ ಎಡಕ್ಕೂ ಬಲಕ್ಕೂ ಅಳೆಯಿರಿ. ತೊಟ್ಟಿಯ ಅಂಚಿನಿಂದ ಅಳೆಯಬೇಡಿ. ಹಳೇ ಗಾಡಿಯಲ್ಲಿ ತೊಟ್ಟಿಯೇ ಸೊಟ್ಟಗಿರಬಹುದು. ಎರಡೂ ಕಡೆಗೆ ಒಂದೂವರೆ, ಎರಡು ಸೆಂ.ಮೀ. ವ್ಯತ್ಯಾಸ ಬಂದರೆ ಕಾರಣ ಹುಡುಕಬೇಕು.

ಇಲ್ಲೊಂದು ಉಪಾಯ ಇದೆ. ಹಿಂದೆ ವಾಲಿದ ಹಾಗೆ ಕಂಡರೂ ತಪ್ಪು ಮುಂದಿನ ಸ್ಪ್ರಿಂಗಿನದಾಗಿರಬಹುದು. ಮುಂದಿನ ಅಡ್ಡ ಬೀಮಿನ ಸರಿಯಾಗಿ ನಡುವೆ ಜಾಕ್ ಕೊಟ್ಟು ಸ್ವಲ್ಪವೇ ಎತ್ತಿ. ಈಗ ಗಾಡಿ ನೆಟ್ಟಗಾದರೆ ಕಾಯಿಲೆ ಮುಂದಿದೆ. ವಾಲು ಹಾಗೇ ಉಳಿದರೆ ಹಿಂದಿನ ಕಮಾನಿನದ್ದು. ಐದು ನಿಮಿಷದ ಕೆಲಸ, ಆದರೆ ತಪ್ಪು ಕಡೆಗೆ ದುಡ್ಡು ಹಾಕುವುದನ್ನು ತಪ್ಪಿಸುತ್ತದೆ.

ಎರಡನೇ ಅಳತೆ ಉದ್ದಕ್ಕೆ. ಕಮಾನಿನ ಮುಂದಿನ ಕಣ್ಣು (ಪಟ್ಟಿಯ ತುದಿಯ ಸುರುಳಿ) ಚಾಸಿಗೆ ಕೂರುವ ಬೋಲ್ಟಿನಿಂದ ಆಕ್ಸಲ್ ನಡುವಿನವರೆಗೆ ಎಡ, ಬಲ ಅಳೆಯಿರಿ. ಎರಡೂ ಒಂದೇ ಇರಬೇಕು. ಇಲ್ಲದಿದ್ದರೆ ಪಟ್ಟಿಗಳನ್ನು ನಡುವೆ ಪೋಣಿಸಿ ಹಿಡಿದಿರುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜರುಗಿದೆ ಎಂದರ್ಥ. ಇಂಥ ಗಾಡಿ ನೇರ ರಸ್ತೆಯಲ್ಲೂ ನಾಯಿಯ ಹಾಗೆ ಅಡ್ಡಡ್ಡ ಓಡುತ್ತದೆ. ಟೈರು ತಿನ್ನುತ್ತದೆ. ಅದನ್ನು ಹಾಗೇ ಓಡಿಸಬೇಡಿ.

ಆಮೇಲೆ ಕಣ್ಣು. ಟಾರ್ಚ್ ಹಿಡಿದು ಪಟ್ಟಿಗಳನ್ನು ಒಂದೊಂದಾಗಿ ನೋಡಿ. ಮುರಿದ ಪಟ್ಟಿಯ ಬಿರುಕಿನಲ್ಲಿ ತುಕ್ಕಿನ ಕೆಂಪು ಗೆರೆ ಇರುತ್ತದೆ. ಬಿರುಕು ಎಲ್ಲಿದೆ ಎಂಬುದೂ ಮುಖ್ಯ. ಪಟ್ಟಿ ಸರಿಯಾಗಿ ನಡುವೆ, ಸೆಂಟರ್ ಬೋಲ್ಟಿನ ತೂತಿನ ಬಳಿ ಮುರಿದಿದ್ದರೆ ಬಹುತೇಕ, ಕಮಾನನ್ನು ಆಕ್ಸಲ್‌ಗೆ ಬಿಗಿದು ಹಿಡಿಯುವ ಯು ಬೋಲ್ಟ್ ಸಡಿಲವಾಗಿತ್ತು ಎಂದರ್ಥ. ಬಿಗಿ ಇದ್ದಾಗ ಆ ಭಾಗ ಬಾಗುವುದೇ ಇಲ್ಲ, ಸಡಿಲವಾದರೆ ತೂತಿನ ಹತ್ತಿರವೇ ಬಾಗಿ ಬಾಗಿ ಸೀಳುತ್ತದೆ. ಹೊಸ ಪಟ್ಟಿ ಹಾಕಿ ಹಳೇ ಯು ಬೋಲ್ಟನ್ನೇ ಬಿಗಿದರೆ ಅದೂ ಅಲ್ಲೇ ಮುರಿಯುತ್ತದೆ.

ಬುಷ್ ನೋಡಲು ಒಂದು ಹಾರೆಕೋಲು ಸಾಕು. ಕಮಾನಿನ ಕಣ್ಣು ಮತ್ತು ಶ್ಯಾಕಲ್ ನಡುವೆ ತುದಿ ಇಟ್ಟು ಮೀಟಿ. ಸ್ವಲ್ಪ ಮಿಸುಕಿದರೆ ಸರಿ, ರಬ್ಬರು ಅಷ್ಟು ಕೊಡಲೇಬೇಕು. ಲೋಹಕ್ಕೆ ಲೋಹ ಬಡಿದು ‘ಟಕ್’ ಎಂದರೆ, ರಬ್ಬರು ಹೊರಗೆ ಉಗುಳಿಕೊಂಡು ಬಂದಿದ್ದರೆ, ಬುಷ್ ಹೋಗಿದೆ. ಗಾಡಿ ಹೊರಡುವಾಗ ಒಂದು ಸಲ, ಬ್ರೇಕ್ ಹಾಕಿದಾಗ ಒಂದು ಸಲ ಬಡಿದ ಸದ್ದು ಬರುತ್ತಿದ್ದರೆ ಮೊದಲು ನೋಡಬೇಕಾದ್ದೂ ಇದನ್ನೇ.

ಶಾಕ್ ಅಬ್ಸಾರ್ಬರ್ ನೋಡಲು ಎಲ್ಲರೂ ಗಾಡಿಯ ಮೂಲೆ ಒತ್ತಿ ಬಿಡುತ್ತಾರೆ. ಕಾರಿಗೆ ಅದು ಸರಿ. ಖಾಲಿ ಪಿಕಪ್‌ನ ಹಿಂಬದಿಯನ್ನು ಒಬ್ಬರು ಒತ್ತಿದರೆ ಅಲ್ಲಾಡುವುದೇ ಇಲ್ಲ, ಅಲ್ವಾ? ಅದಕ್ಕಿಂತ ಒಳ್ಳೆಯ ದಾರಿ ಬಿಸಿ ನೋಡುವುದು. ಹಳ್ಳ ಬಿದ್ದ ರಸ್ತೆಯಲ್ಲಿ ಐದಾರು ಕಿ.ಮೀ. ಓಡಿಸಿ ಬಂದು, ನಾಲ್ಕೂ ಶಾಕ್‌ಗಳ ಮೈ ಮುಟ್ಟಿ. ಸೈಲೆನ್ಸರಿಗೆ ಕೈ ತಾಗದಂತೆ ಹುಷಾರು. ಕೆಲಸ ಮಾಡುವ ಶಾಕ್ ಬೆಚ್ಚಗಿರುತ್ತದೆ, ಯಾಕೆಂದರೆ ಕುಲುಕಾಟವನ್ನೆಲ್ಲ ಅದು ಬಿಸಿಯಾಗಿ ಬದಲಿಸುತ್ತದೆ. ಮೂರು ಬೆಚ್ಚಗಿದ್ದು ಒಂದು ತಣ್ಣಗಿದ್ದರೆ ಅದು ಸತ್ತಿದೆ. ಮೈತುಂಬ ಎಣ್ಣೆ ಇಳಿದಿದ್ದರೂ ಅದೇ ತೀರ್ಪು. ಟೈರಿನ ಮೇಲೆ ಅಂಗೈ ಆಡಿಸಿದಾಗ ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಸಿಕ್ಕಿದರೂ ಮೊದಲ ಅನುಮಾನ ಶಾಕ್ ಮೇಲೆಯೇ.

ದುಡ್ಡು ಎಲ್ಲಿಗೆ, ಎಲ್ಲಿಗೆ ಬೇಡ

ಬುಷ್, ಪಿನ್, ಸೆಂಟರ್ ಬೋಲ್ಟ್ ನೂರುಗಳ ಲೆಕ್ಕದ ಸಾಮಾನು. ಶಾಕ್ ಜೋಡಿ ಸಾವಿರಗಳ ಲೆಕ್ಕ. ಪೂರ್ತಿ ಕಮಾನು ಕಟ್ಟು ಅದಕ್ಕೂ ಮೇಲೆ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಹೋಗಿ. ರಬ್ಬರು ಹೋಗಿದ್ದರೆ ರಬ್ಬರು. ಒಂದು ಪಟ್ಟಿ ಮುರಿದಿದ್ದರೆ ಆ ಪಟ್ಟಿ. ಕಟ್ಟು ಪೂರ್ತಿ ಚಪ್ಪಟೆಯಾಗಿ, ಖಾಲಿ ಗಾಡಿಯಲ್ಲೇ ಬಂಪ್ ಸ್ಟಾಪ್‌ಗೆ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರು) ಹತ್ತಿರ ಬಂದಿದ್ದರೆ ಆಗ ಕಟ್ಟು.

ಹೊಸದಾಗಿಯೇ ಕೊಳ್ಳಬೇಕಾದ ಸಾಮಾನುಗಳಿವೆ. ಯು ಬೋಲ್ಟ್ ಮತ್ತು ಅದರ ನಟ್ಟು, ಸೆಂಟರ್ ಬೋಲ್ಟ್, ರಬ್ಬರ್ ಬುಷ್, ಶಾಕ್, ಸ್ಪ್ಲಿಟ್ ಪಿನ್. ಯು ಬೋಲ್ಟ್ ಬಿಗಿದಾಗ ಕೂದಲೆಳೆಯಷ್ಟು ಎಳೆದುಕೊಂಡು ಹಿಡಿಯುತ್ತದೆ. ಬಿಚ್ಚಿ ಮತ್ತೆ ಹಾಕಿದರೆ ಮೊದಲಿನ ಹಿಡಿತ ಬರುವುದಿಲ್ಲ. ಹತ್ತು ಹದಿನೈದು ಕ್ವಿಂಟಲ್ ಹೊತ್ತ ಆಕ್ಸಲ್ಲನ್ನು ಹಿಡಿದಿರುವುದು ಇವೇ ನಾಲ್ಕು ಬೋಲ್ಟ್. ಇಲ್ಲಿ ಉಳಿಸಬೇಡಿ, ದಯವಿಟ್ಟು.

ಗುಜರಿಯಲ್ಲಿ ಕೊಳ್ಳಬಹುದಾದದ್ದೂ ಉಂಟು. ಶ್ಯಾಕಲ್ ಪ್ಲೇಟು, ಹ್ಯಾಂಗರ್ (ಕಮಾನಿನ ತುದಿ ಕೂರಲು ಚಾಸಿಯಲ್ಲಿರುವ ಹಿಡಿ), ಸ್ಪ್ರಿಂಗ್ ಪ್ಲೇಟು (ಯು ಬೋಲ್ಟ್ ಬಿಗಿಯುವ ತಟ್ಟೆ) ಸಿಕ್ಕರೆ ತನ್ನಿ. ತೂತು ದುಂಡಗಿದೆಯಾ, ಮೊಟ್ಟೆಯಾಕಾರಕ್ಕೆ ತಿರುಗಿದೆಯಾ ಅಷ್ಟೇ ನೋಡಿ. ಕಮಾನು ಪಟ್ಟಿಯೂ ಹಳೆಯದು ನಡೆಯುತ್ತದೆ, ಆದರೆ ಅಳತೆಯಲ್ಲಿ ರಾಜಿ ಬೇಡ. ಕಣ್ಣಿನಿಂದ ಕಣ್ಣಿಗೆ ಉದ್ದ, ಅಗಲ, ಕಣ್ಣಿನ ಒಳ ಅಳತೆ, ಬಾಗು, ಎಲ್ಲಕ್ಕಿಂತ ಮೇಲೆ ದಪ್ಪ. ದಪ್ಪವನ್ನು ವರ್ನಿಯರ್‌ನಲ್ಲೇ ನೋಡಬೇಕು. ಪಟ್ಟಿಯ ಗಟ್ಟಿತನ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 7 ಮಿ.ಮೀ. ಬದಲು 8 ಮಿ.ಮೀ. ಪಟ್ಟಿ ಹಾಕಿದರೆ ಒಂದೇ ಮಿಲಿಮೀಟರ್ ಅನಿಸುತ್ತದೆ, ಆದರೆ ಅದು ಸುಮಾರು ಒಂದೂವರೆ ಪಟ್ಟು ಗಟ್ಟಿ. ಒಂದು ಕಡೆಗೆ ಮಾತ್ರ ಹಾಕಿದರೆ ಗಾಡಿ ಇನ್ನೊಂದು ಕಡೆಗೆ ವಾಲುತ್ತದೆ. ಪಟ್ಟಿಯ ತುದಿ ಪಕ್ಕದ ಪಟ್ಟಿಯ ಮೇಲೆ ಉಜ್ಜಿ ತೋಡಿದ ಹಾಗೆ ಗುಂಡಿ ಮಾಡಿದ್ದರೆ ಅಂಥದ್ದನ್ನು ಬಿಟ್ಟುಬಿಡಿ. ಬಿರುಕು ಹುಟ್ಟುವುದು ಅಲ್ಲಿಂದಲೇ.

ಹೊಸದು ಕೊಳ್ಳುವಾಗ ಶಾಕ್‌ಗೆ ಗ್ಯಾಬ್ರಿಯಲ್, ಕಮಾನಿಗೆ ಜಮ್ನಾ ಥರದ ಹೆಸರಿರುವ ಕಂಪನಿಯದು ತನ್ನಿ, ಬಿಲ್ ತಗೊಳ್ಳಿ. ಡಬ್ಬಿ ಒಂದೇ ಥರ ಇದ್ದು ಒಳಗೆ ಬೇರೆ ಮಾಲಿರುವುದು ಉಂಟು. ಶಾಕನ್ನು ಅಂಗಡಿಯಲ್ಲೇ ನೆಟ್ಟಗೆ ಹಿಡಿದು ಒತ್ತಿ, ಎಳೆದು ನೋಡಿ. ಎಳೆಯುವಾಗ ಎಲ್ಲೂ ಜಾರಬಾರದು, ಒಂದೇ ಸಮನೆ ತಡೆಯಬೇಕು.

ಪಟ್ಟಿಯನ್ನು ಕುಲುಮೆಯಲ್ಲಿ ಕಾಸಿ ಬಾಗಿಸಿಕೊಡುತ್ತೇನೆ ಎನ್ನುವವರು ಊರಲ್ಲಿ ಸಿಗುತ್ತಾರೆ. ಕಮಾನು ಉಕ್ಕಿಗೆ ಅದರ ಶಕ್ತಿ ಬಂದಿರುವುದೇ ಹದ ಕೊಟ್ಟಿದ್ದರಿಂದ. ಕಾಸಿ ಹಾಗೇ ಆರಲು ಬಿಟ್ಟರೆ ಹದ ಹೋಗಿ ಅದು ಬರೀ ಕಬ್ಬಿಣ. ಎರಡು ಟ್ರಿಪ್‌ಗೆ ಮತ್ತೆ ಚಪ್ಪಟೆ. ತಣ್ಣಗೆ ಪ್ರೆಸ್‌ನಲ್ಲಿ ಬಾಗಿಸುವ ಕೆಲಸ ಬಲ್ಲವರಿದ್ದರೆ ಮಾಡಿಸಬಹುದು. ಹೊಸದರಷ್ಟು ದಿನ ಬರುವುದಿಲ್ಲ, ಆದರೆ ಕೈ ಬಿಗಿ ಇರುವಾಗ ಒಂದೆರಡು ಸೀಸನ್ ನಡೆಯುತ್ತದೆ. ಮುರಿದ ಪಟ್ಟಿಗೆ ವೆಲ್ಡಿಂಗ್ ಮಾತ್ರ ಯಾವತ್ತೂ ಬೇಡ. ಬೆಸೆದ ಜಾಗದ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ, ಅದೂ ಲೋಡಿನಲ್ಲಿ, ಓಟದಲ್ಲಿ.

ಒಂದು ಪಟ್ಟಿ ಜಾಸ್ತಿ ಹಾಕೋಣವೇ?

ಕಬ್ಬು ಕಡಿಯುವ ದಿನಗಳಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ನನ್ನ ಉತ್ತರ ಬೇಡ ಎಂದೇ. ಪಟ್ಟಿ ಜಾಸ್ತಿ ಹಾಕಿದರೆ ಕಮಾನು ಮಾತ್ರ ಗಟ್ಟಿಯಾಗುತ್ತದೆ. ಚಾಸಿ, ಬೇರಿಂಗ್, ಆಕ್ಸಲ್, ಟೈರು, ಬ್ರೇಕು ಎಲ್ಲ ಮೊದಲಿನಷ್ಟೇ. ಮೊದಲು ಗಾಡಿ ಬಾಗಿ ಭಾರ ಜಾಸ್ತಿ ಆಯಿತೆಂದು ಹೇಳುತ್ತಿತ್ತು, ಈಗ ಆ ಸುಳಿವೂ ಹೋಯಿತು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳು ಇರುತ್ತದೆ. ಅದು ಲೋಡ್ ಸೆನ್ಸಿಂಗ್ ವಾಲ್ವ್‌ನದ್ದು. ಗಾಡಿ ಎಷ್ಟು ಕೂತಿದೆ ಎಂದು ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕೆಂದು ತೀರ್ಮಾನಿಸುವುದು ಅದೇ. ಪಟ್ಟಿ ಸೇರಿಸಿ ಗಾಡಿ ಎತ್ತರವಾದರೆ, ತುಂಬಿದ ಗಾಡಿಯನ್ನೂ ವಾಲ್ವ್ ಖಾಲಿ ಎಂದುಕೊಳ್ಳುತ್ತದೆ. ಹಿಂದಿನ ಬ್ರೇಕು ಬೇಕಾದಷ್ಟು ಹಿಡಿಯುವುದಿಲ್ಲ. ಮೇಲುಕೋಟೆ ಬೆಟ್ಟ ಇಳಿಯುವಾಗ ಅದು ಗೊತ್ತಾದರೆ ತುಂಬಾ ತಡ. ಕಾನೂನಿನ ಮಾತೂ ಇದೆ. ಕಂಪನಿಯ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. 194ನೇ ಸೆಕ್ಷನ್‌ನಲ್ಲಿ, 2019ರ ತಿದ್ದುಪಡಿಯಾದ ಮೇಲೆ, ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚಿನ ಟನ್‌ಗೆ 2,000 ರೂಪಾಯಿ ಇದೆ.

ಗಾಡಿ ಎತ್ತುವುದು

ಇಲ್ಲಿ ಆತುರ ಬೇಡ. ಹಿಂದಿನ ಚಕ್ರ ಎತ್ತಿದ ಕೂಡಲೇ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದ ಹಾಗೆ, ಯಾಕೆಂದರೆ ಅದು ಹಿಡಿಯುವುದು ಹಿಂದಿನ ಚಕ್ರವನ್ನೇ. ಹಾಗಾಗಿ ಮುಂದಿನ ಎರಡೂ ಚಕ್ರಕ್ಕೆ ಹಿಂದೆ, ಮುಂದೆ ಮರದ ತುಂಡು ಒತ್ತರಿಸಿ ಇಡಿ. ಬರೀ ಕಲ್ಲು ಸಾಲದು, ಜಾರುತ್ತದೆ.

ಚಕ್ರದ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಒಂದು ಸುತ್ತು ಸಡಿಲಿಸಿ. ಆಮೇಲೆ ಚಾಸಿಗೆ ಜಾಕ್ ಕೊಟ್ಟು ಎತ್ತಿ, ಕಮಾನಿನ ಮುಂದಿನ ಹ್ಯಾಂಗರ್‌ಗಿಂತ ಸ್ವಲ್ಪ ಮುಂದೆ ಎರಡೂ ಕಡೆ ಸ್ಟ್ಯಾಂಡ್ ಇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಬಾಡಿಗೆಗೆ ತನ್ನಿ, ಇಲ್ಲವೇ ದಪ್ಪ ಮರದ ದಿಮ್ಮಿಗಳನ್ನು ಅಡ್ಡ ಉದ್ದ ಜೋಡಿಸಿ. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್ ಇಡಲೇಬೇಡಿ. ಅವು ಸೂಚನೆಯೇ ಕೊಡದೆ ಪುಡಿಯಾಗುತ್ತವೆ. ಮಣ್ಣಿನ ಅಂಗಳವಾದರೆ ಸ್ಟ್ಯಾಂಡಿನ ಕೆಳಗೆ ಅಗಲವಾದ ಹಲಗೆ ಹಾಕಿ. ಇಟ್ಟ ಮೇಲೆ ಗಾಡಿಯನ್ನು ಬಲವಾಗಿ ಅಲ್ಲಾಡಿಸಿ ನೋಡಿ. ಕೆಳಗೆ ಮಲಗುವ ಮುಂಚೆ ಬೀಳುವುದಿದ್ದರೆ ಬೀಳಲಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕುವುದನ್ನು ನಾನು ಯಾರಿಗೂ ಬಿಡುವುದಿಲ್ಲ. ಕೆಲಸ ಮಾಡುವಾಗ ಮನೆಯಲ್ಲಿ ಇನ್ನೊಬ್ಬರು ಇರಲಿ.

ತುಕ್ಕು ಹಿಡಿದ ಬೋಲ್ಟು

ಅರ್ಧ ದಿನ ತಿನ್ನುವುದು ಇದೇ. ಕೆಲಸ ಭಾನುವಾರವಾದರೆ ಗುರುವಾರವೇ ಬೋಲ್ಟುಗಳನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಡಬ್ಲ್ಯೂಡಿ-40 ಅಥವಾ ಅಂಥದ್ದೇ ಎಣ್ಣೆ ಬಿಡಿ. ದಿನಾ ಸಂಜೆ ಮತ್ತೆ ಬಿಡಿ. ಬಿಚ್ಚುವ ಮುಂಚೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಡಿ, ತುಕ್ಕಿನ ಹಿಡಿತ ಬಿಡುತ್ತದೆ. ಮೊದಲು ಸ್ವಲ್ಪ ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ.

ಯು ಬೋಲ್ಟ್ ಹೇಗೂ ಹೊಸದು ಹಾಕುತ್ತೇವೆ, ಬರದಿದ್ದರೆ ಕತ್ತರಿಸಿ. ಶ್ಯಾಕಲ್ ಬೋಲ್ಟ್ ಬಹಳ ಸಲ ಬುಷ್‌ನ ಒಳಗಿನ ಕೊಳವೆಗೇ ಕಚ್ಚಿಕೊಂಡಿರುತ್ತದೆ. ಎಷ್ಟು ತಿರುಗಿಸಿದರೂ ರಬ್ಬರು ಜೊತೆಗೆ ತಿರುಗುತ್ತದೆ, ಬೋಲ್ಟು ಹೊರಗೆ ಬರುವುದಿಲ್ಲ. ಆಗ ಕಣ್ಣಿಗೂ ಶ್ಯಾಕಲ್‌ಗೂ ನಡುವೆ ಎರಡೂ ಕಡೆ ಗ್ರೈಂಡರ್‌ನಿಂದ ಕತ್ತರಿಸುವುದೇ ದಾರಿ. ಡೀಸೆಲ್ ಟ್ಯಾಂಕು, ಪೈಪು, ಬ್ರೇಕ್ ಹೋಸ್ ಎಲ್ಲಿದೆ ಎಂದು ಮೊದಲು ನೋಡಿ, ಒದ್ದೆ ಗೋಣಿಚೀಲ ಮುಚ್ಚಿ. ಎಣ್ಣೆ ಬಿಟ್ಟ ಜಾಗವನ್ನು ಬಟ್ಟೆಯಿಂದ ಒರೆಸಿ. ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಒಂದು ಬಕೆಟ್ ಮರಳು. ಗ್ಯಾಸ್ ಕಟರ್ ಮನೆಯಲ್ಲಿ ಬೇಡ.

ಕಮಾನು ಇಳಿಸಿ ಏರಿಸುವುದು

ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಬಿಚ್ಚಿ. ಎರಡೂ ಕಡೆ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಉರುಳುತ್ತದೆ. ಒಂದು ಕಡೆ ಹಾಗೇ ಇದ್ದರೆ ಅದು ಆಕ್ಸಲ್ ಹಿಡಿದಿರುತ್ತದೆ, ಮರೆತಾಗ ನೋಡಿಕೊಳ್ಳಲೂ ಆಗುತ್ತದೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದಿಡಿ.

ಚಕ್ರ ತೆಗೆದು, ಆಕ್ಸಲ್ ಕೆಳಗೆ ಇನ್ನೊಂದು ಜಾಕ್ ಇಟ್ಟು ಅದರ ತೂಕವನ್ನಷ್ಟೇ ತಡೆಯಿರಿ. ಶಾಕ್‌ನ ಕೆಳಗಿನ ಬೋಲ್ಟ್ ಬಿಚ್ಚಿ. ಲೋಡ್ ಸೆನ್ಸಿಂಗ್ ವಾಲ್ವ್‌ನ ಸರಳು, ಹ್ಯಾಂಡ್‌ಬ್ರೇಕ್ ಕೇಬಲ್‌ನ ಕ್ಲಿಪ್ ಕಳಚಿ. ಬ್ರೇಕ್ ಹೋಸ್ ಎಷ್ಟು ಉದ್ದಕ್ಕೆ ಸಾಲುತ್ತದೆ ಎಂದು ನೋಡುತ್ತಲೇ ಇರಬೇಕು. ಆಕ್ಸಲ್ ಇಳಿಸುವಾಗ ಅದು ಬಿಗಿದುಕೊಂಡರೆ ಒಳಗೇ ಸೀಳುತ್ತದೆ, ಹೊರಗೆ ಗೊತ್ತಾಗುವುದಿಲ್ಲ.

ಯು ಬೋಲ್ಟ್ ನಟ್ಟುಗಳನ್ನು ಒಂದೊಂದೇ ಪೂರ್ತಿ ಬಿಚ್ಚದೆ, ನಾಲ್ಕನ್ನೂ ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ ಬನ್ನಿ. ಪ್ಲೇಟು ಕಳಚಿದ ಮೇಲೆ ಆಕ್ಸಲ್ ಜಾಕನ್ನು ಇಷ್ಟಿಷ್ಟೇ ಇಳಿಸಿ. ಕಮಾನು ಆಕ್ಸಲ್ ಮೇಲೆ ಕೂರುವ ಗಾಡಿಯಲ್ಲಿ ನಡುವೆ ಸಂದು ಬೀಳುತ್ತದೆ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿನಿಂದ ಈಚೆ ಬಂದಿರುವುದು ಕಾಣಬೇಕು. ಈಗ ಮೊದಲು ಶ್ಯಾಕಲ್ ಕಡೆಯ ಬೋಲ್ಟ್, ಆಮೇಲೆ ಇನ್ನೊಂದು ತುದಿಯದು. ಕಟ್ಟು ತೂಕವಿರುತ್ತದೆ. ಇಬ್ಬರು ಹಿಡಿದು ಇಳಿಸಿ, ಎದೆ ಮೇಲೆ ಇಳಿಸಿಕೊಳ್ಳಬೇಡಿ.

ಬಹಳ ಕಟ್ಟುಗಳಲ್ಲಿ ಸೆಂಟರ್ ಬೋಲ್ಟ್ ಸರಿಯಾಗಿ ನಡುವೆ ಇರುವುದಿಲ್ಲ. ಮುಂದಿನ ಅರ್ಧ ಬೇರೆ ಉದ್ದ, ಹಿಂದಿನ ಅರ್ಧ ಬೇರೆ. ತಿರುಗಿಸಿ ಹಾಕಿದರೆ ಆಕ್ಸಲ್ಲೇ ಹಿಂದೆ ಮುಂದೆ ಆಗುತ್ತದೆ. ಅದಕ್ಕೇ ಇಳಿಸುವಾಗಲೇ ಮುಂದಿನ ತುದಿಗೆ ಬಣ್ಣದ ಗುರುತು ಹಾಕಿ.

ಒಂದೇ ಪಟ್ಟಿ ಬದಲಿಸುವುದಾದರೆ ಕಟ್ಟನ್ನು ಸೆಂಟರ್ ಬೋಲ್ಟಿನ ಎರಡೂ ಪಕ್ಕ ಎರಡು ಗಟ್ಟಿ ಸಿ ಕ್ಲಾಂಪ್‌ಗಳಲ್ಲಿ ಹಿಡಿದು ಬೋಲ್ಟ್ ಬಿಚ್ಚಿ, ಕ್ಲಾಂಪ್‌ಗಳನ್ನು ನಿಧಾನವಾಗಿ ಸಡಿಲಿಸಿ. ಸುಮ್ನೆ ಬೋಲ್ಟ್ ಬಿಚ್ಚಿದರೆ ಪಟ್ಟಿಗಳು ಚಿಮ್ಮುತ್ತವೆ. ಒಳಗಿನ ತುಕ್ಕು, ಮಣ್ಣು ಉಜ್ಜಿ ತೆಗೆದು, ಗ್ರಾಫೈಟ್ ಗ್ರೀಸನ್ನು ತೆಳ್ಳಗೆ ಸವರಿ ಜೋಡಿಸಿ. ಪಟ್ಟಿಗಳ ನಡುವೆ ಪ್ಲಾಸ್ಟಿಕ್ ಪ್ಯಾಡಿದ್ದರೆ ಅವನ್ನೇ ಹೊಸದು ಹಾಕಿ. ಹೊರಗಿನಿಂದ ಹಳೇ ಇಂಜಿನ್ ಆಯಿಲ್ ಸುರಿಯುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಅದು ಧೂಳು ಹಿಡಿದು ಮರಳು ಕಾಗದದ ಹಾಗೆ ಪಟ್ಟಿ ಉಜ್ಜುತ್ತದೆ, ರಬ್ಬರ್ ಬುಷ್‌ಗೂ ಇಳಿಯುತ್ತದೆ.

ಏರಿಸುವಾಗ ಕ್ರಮ ಉಲ್ಟಾ. ಆಕ್ಸಲ್ ಪ್ಯಾಡನ್ನು ಉಜ್ಜಿ ಶುಚಿ ಮಾಡಿ. ಶ್ಯಾಕಲ್ ಇಲ್ಲದ ತುದಿಯ ಕಣ್ಣಿನ ಬೋಲ್ಟ್ ಮೊದಲು, ಶ್ಯಾಕಲ್ ಆಮೇಲೆ, ಎರಡೂ ಕೈಯಲ್ಲಿ ಬಿಗಿಯುವಷ್ಟೇ. ಆಕ್ಸಲ್ ನಿಧಾನವಾಗಿ ಎತ್ತಿ, ಸೆಂಟರ್ ಬೋಲ್ಟಿನ ತಲೆ ತೂತಿನೊಳಗೆ ಸರಿಯಾಗಿ ಕೂತಿತಾ ಎಂದು ಟಾರ್ಚ್ ಬಿಟ್ಟು ನೋಡಿ. ಅಂಚಿನ ಮೇಲೆ ಕೂತಿದ್ದನ್ನು ಹಾಗೇ ಬಿಗಿದರೆ ಬೋಲ್ಟ್ ಕತ್ತರಿಸಿಹೋಗುತ್ತದೆ. ಹೊಸ ಯು ಬೋಲ್ಟ್, ಪ್ಲೇಟು, ನಟ್ಟು ಹಾಕಿ, ಮೂಲೆಯಿಂದ ಮೂಲೆಗೆ ಮೂರು ಸುತ್ತಿನಲ್ಲಿ ಬಿಗಿಯಿರಿ. ನಾಲ್ಕೂ ನಟ್ಟಿನಿಂದ ಆಚೆ ಬಂದ ಥ್ರೆಡ್ ಒಂದೇ ಸಮ ಇರಬೇಕು. ಎಷ್ಟು ಬಿಗಿ ಎಂಬ ಲೆಕ್ಕ ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿರುತ್ತದೆ. ಟಾರ್ಕ್ ರೆಂಚ್ ಒಂದು ದಿನಕ್ಕೆ ಎಲ್ಲಿಂದಾದರೂ ತನ್ನಿ. ಅಂದಾಜಿನ ಕೈ ಇಲ್ಲಿ ನಡೆಯುವುದಿಲ್ಲ.

ಈಗ ಬರುವುದು ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವ ಹೆಜ್ಜೆ. ಕಣ್ಣಿನ ಬೋಲ್ಟ್, ಶ್ಯಾಕಲ್ ಬೋಲ್ಟ್‌ಗಳನ್ನು ಗಾಡಿ ಎತ್ತಿರುವಾಗ ಪೂರ್ತಿ ಬಿಗಿಯಬೇಡಿ. ಚಕ್ರ ಹಾಕಿ, ಗಾಡಿ ಇಳಿಸಿ, ನಾಲ್ಕು ಸಲ ಕುಲುಕಿ, ಅದರ ಭಾರ ಕಮಾನಿನ ಮೇಲೆ ಕೂತ ಮೇಲೆ ಬಿಗಿಯಿರಿ. ರಬ್ಬರ್ ಬುಷ್ ಒಳಗೆ ಜಾರುವುದಿಲ್ಲ, ತಿರುಚಿಕೊಂಡು ಕೆಲಸ ಮಾಡುತ್ತದೆ. ಕಮಾನು ಜೋತುಬಿದ್ದಾಗ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರು ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಹೊಸ ಬುಷ್ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ‘ಹೊಸದು ಹಾಕಿದರೂ ಬಾಳಲಿಲ್ಲ, ಮಾಲು ಸರಿಯಿಲ್ಲ’ ಎನ್ನುವ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ.

ಬುಷ್ ಬದಲಿಸುವ ಕೈಕೆಲಸ

ಪ್ರೆಸ್ ಇಲ್ಲದಿದ್ದರೂ ಆಗುತ್ತದೆ. ಉದ್ದನೆಯ ಒಂದು ಬೋಲ್ಟ್, ದಪ್ಪ ವಾಷರ್‌ಗಳು, ಬುಷ್‌ಗಿಂತ ಸ್ವಲ್ಪ ದೊಡ್ಡ ಒಳ ಅಳತೆಯ ಪೈಪ್ ತುಂಡು ಸಾಕು. ಒಂದು ಕಡೆ ಪೈಪ್, ಇನ್ನೊಂದು ಕಡೆ ಬುಷ್‌ನಷ್ಟೇ ಅಗಲದ ಸಾಕೆಟ್ ಇಟ್ಟು ಬೋಲ್ಟ್ ಬಿಗಿಯುತ್ತಾ ಹೋದರೆ ಹಳೇ ಬುಷ್ ಪೈಪಿನೊಳಗೆ ಇಳಿಯುತ್ತದೆ. ಹೊರ ಕವಚ ಕಚ್ಚಿಕೊಂಡಿದ್ದರೆ ಹ್ಯಾಕ್ಸಾ ಬ್ಲೇಡ್ ಒಳಗೆ ತೂರಿಸಿ ಕವಚವನ್ನು ಮಾತ್ರ ಸೀಳಿ, ಕಮಾನಿನ ಕಣ್ಣಿಗೆ ಗೆರೆ ಬೀಳಬಾರದು. ಹೊಸದನ್ನು ಸೋಪಿನ ನೀರು ಸವರಿ ಒತ್ತಿ. ಗ್ರೀಸ್, ಎಣ್ಣೆ ಬೇಡ, ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ನಿಮ್ಮ ಗಾಡಿಯ ಪಿನ್ನಿಗೆ ಗ್ರೀಸ್ ನಿಪ್ಪಲ್ ಇದ್ದರೆ ಅದು ಲೋಹದ ಬುಷ್, ಗ್ರೀಸೇ ಅದರ ಜೀವ. ನಿಪ್ಪಲ್ ಕಟ್ಟಿಕೊಂಡಿದ್ದರೆ ಬಿಚ್ಚಿ ಹೊಸದು ಹಾಕಿ. ಹಳೇ ಕಪ್ಪು ಗ್ರೀಸ್ ಪಕ್ಕದಿಂದ ಹೊರಬಂದು ಹೊಸದು ಕಾಣುವವರೆಗೆ ಗನ್ ಒತ್ತಿ.

ಶಾಕ್ ಮತ್ತು ಮುಂದಿನ ಭಾಗ

ಶಾಕನ್ನು ಯಾವಾಗಲೂ ಜೋಡಿಯಾಗಿ ಬದಲಿಸಿ. ಹೊಸದು ಅಂಗಡಿಯಲ್ಲಿ ಅಡ್ಡ ಮಲಗಿದ್ದರಿಂದ ಒಳಗಿನ ಎಣ್ಣೆಗೆ ಗಾಳಿ ಸೇರಿರುತ್ತದೆ. ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ, ಆಮೇಲೆ ಹಾಕಿ. ಸರಳಿನ ತುದಿಯ ರಬ್ಬರು ವಾಷರ್‌ನ ಅಗಲಕ್ಕೆ ಉಬ್ಬುವಷ್ಟು ಬಿಗಿದರೆ ಸಾಕು, ಚಪ್ಪಟೆ ಮಾಡಬೇಡಿ. ಸರಳಿನ ಹೊಳೆಯುವ ಭಾಗವನ್ನು ಪ್ಲೈಯರ್‌ನಲ್ಲಿ ಹಿಡಿಯಲೇಬಾರದು. ಒಂದು ಗೀರು ಬಿದ್ದರೆ ಸೀಲ್ ಹರಿದು ಎಣ್ಣೆ ಇಳಿಯುತ್ತದೆ.

ಮುಂದೆ ಕಮಾನಿದ್ದರೆ ಮೇಲಿನ ಕ್ರಮವೇ. ಕಾಯಿಲ್ ಸ್ಪ್ರಿಂಗ್ ಇದ್ದರೆ ಅದನ್ನು ಮನೆಯಲ್ಲಿ ಬಿಚ್ಚಬೇಡಿ ಎಂದು ಕೇಳಿಕೊಳ್ಳುತ್ತೇನೆ. ಒತ್ತಿಟ್ಟ ಸ್ಪ್ರಿಂಗ್ ಚಿಮ್ಮಿದರೆ ಪ್ರಾಣಕ್ಕೇ ಕುತ್ತು. ನೀವು ನೋಡಬಹುದಾದದ್ದು ಬಾಲ್ ಜಾಯಿಂಟ್ (ಮುಂದಿನ ಚಕ್ರದ ಗುಂಡು ಕೀಲು) ಮತ್ತು ಟೈ ರಾಡ್ ಎಂಡ್ (ಸ್ಟೀರಿಂಗ್ ಸರಳಿನ ತುದಿಯ ಕೀಲು). ಕಾಯಿಲ್ ಕೆಳಗಿನ ಆರ್ಮ್ ಮೇಲೆ ಕೂತಿರುವ ಗಾಡಿಯಾದರೆ ಆ ಆರ್ಮ್ ಕೆಳಗೇ ಜಾಕ್ ಕೊಟ್ಟು ಚಕ್ರ ಎತ್ತಿ. ಚಕ್ರದ ಮೇಲೆ, ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಎಡಕ್ಕೆ, ಬಲಕ್ಕೆ ಹಿಡಿದಾಗ ಆಡಿದರೆ ಟೈ ರಾಡ್. ಕೋಟೆಯ ತೆನೆಯ ಹಾಗೆ ಸೀಳುಗಳಿರುವ ನಟ್ಟು (ಕ್ಯಾಸಲ್ ನಟ್) ಬಿಗಿಯುವಾಗ ಪಿನ್ನಿನ ತೂತು ಸೇರದಿದ್ದರೆ ಇನ್ನೂ ಸ್ವಲ್ಪ ಬಿಗಿದು ಸೇರಿಸಿ, ಹಿಂದಕ್ಕೆ ಬಿಚ್ಚಿ ಸೇರಿಸಬೇಡಿ. ಮುಂದೆ ಏನೇ ಬಿಚ್ಚಿದರೂ ಮಂಡ್ಯದಲ್ಲೋ ಮೈಸೂರಿನಲ್ಲೋ ವೀಲ್ ಅಲೈನ್‌ಮೆಂಟ್ ಮಾಡಿಸಿ. ಆ ದುಡ್ಡು ಟೈರಿನಲ್ಲಿ ವಾಪಸ್ ಬರುತ್ತದೆ.

ಓಡಿಸಿ ನೋಡುವುದು

ಮೊದಲ ಓಟ ಖಾಲಿ ಗಾಡಿಯಲ್ಲಿ, ನಿಧಾನ. ಲೋಡ್ ಸೆನ್ಸಿಂಗ್ ಸರಳು, ಹ್ಯಾಂಡ್‌ಬ್ರೇಕ್ ಕ್ಲಿಪ್ ಮತ್ತೆ ಹಾಕಿದಿರಾ ಎಂದು ಹೊರಡುವ ಮುಂಚೆ ನೋಡಿ. ನಾನು ನಾಲೆ ಏರಿ ರಸ್ತೆಯಲ್ಲಿ ಐದಾರು ಕಿ.ಮೀ. ಹೋಗಿ ಬರುತ್ತೇನೆ. ಎಕ್ಸ್‌ಪ್ರೆಸ್ ಹೈವೇ ನುಣ್ಣಗಿದೆ, ಅಲ್ಲಿ ಏನೂ ಗೊತ್ತಾಗುವುದಿಲ್ಲ. ಸರ್ವೀಸ್ ರಸ್ತೆಯ ಹಂಪ್‌ಗಳೇ ಪರೀಕ್ಷೆಗೆ ಸರಿ. ಜನ ಇಲ್ಲದ ಕಡೆ ಒಂದೆರಡು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ, ಗಾಡಿ ಪಕ್ಕಕ್ಕೆ ಎಳೆಯುತ್ತದಾ ನೋಡಿ.

ಬಂದ ಕೂಡಲೇ ಚಕ್ರದ ನಟ್ಟು ಮತ್ತು ಯು ಬೋಲ್ಟ್ ಮತ್ತೆ ಬಿಗಿದು ನೋಡಿ. ಹೊಸ ಪಟ್ಟಿಗಳು, ಬಣ್ಣ, ತುಕ್ಕಿನ ಪುಡಿ ಎಲ್ಲ ಒತ್ತಿಕೊಂಡು ಕೂರುವುದರಿಂದ ಯು ಬೋಲ್ಟ್ ಸಡಿಲವಾಗಿಯೇ ಆಗುತ್ತದೆ. ನೂರು ಕಿ.ಮೀ. ಆದ ಮೇಲೆ ಇನ್ನೊಮ್ಮೆ, ಮೊದಲ ಪೂರ್ತಿ ಲೋಡ್ ಹೊತ್ತ ಮೇಲೆ ಇನ್ನೊಮ್ಮೆ, ಐನೂರು ಕಿ.ಮೀ.ಗೆ ಮತ್ತೊಮ್ಮೆ. ನಟ್ಟಿನ ಮೇಲೂ ಪ್ಲೇಟಿನ ಮೇಲೂ ಸೇರುವ ಹಾಗೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಆಮೇಲೆ ನಟ್ಟು ಜರುಗಿದರೆ ಬಗ್ಗಿ ನೋಡಿದ ಮಾತ್ರಕ್ಕೇ ಗೊತ್ತಾಗುತ್ತದೆ.

ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಆಗಬೇಕು. ಅದಕ್ಕೆ ಒಂದು ತಿಂಗಳು ಮುಂಚೆ ಈ ಕೆಲಸ ಹಾಕಿಕೊಂಡರೆ ಅನುಕೂಲ. ಕೆಲಸ ಮುಗಿದ ದಿನ ಆಕ್ಸಲ್‌ನಿಂದ ಚಾಸಿಗೆ ಎಡ, ಬಲದ ಅಳತೆ ಮತ್ತೆ ತೆಗೆದು ಅದೇ ನೋಟ್‌ಬುಕ್ಕಿನಲ್ಲಿ ಬರೆದು ಗಾಡಿಯಲ್ಲೇ ಇಡಿ. ಮೂರು ತಿಂಗಳಿಗೊಮ್ಮೆ ಟೇಪು ಹಿಡಿದು ಹೋಲಿಸಿ. ಒಂದು ಕಡೆ ಒಂದು ಸೆಂ.ಮೀ. ಇಳಿದಿದ್ದು ಕಂಡರೆ, ಅವತ್ತೇ ಟಾರ್ಚ್ ಹಿಡಿದು ಕೆಳಗೆ ಮಲಗಿ.